ಬೋರಮಾಳದ ಒಂಬತ್ತು ಗುಂಡು

ಕುಲ್ಸುಮ್ ಬೀ ಚಿನ್ನದ ಗುಂಡುಗಳನ್ನು ಎರಡು ಸಲ ಎಣಿಸಿದಳು. ಹಳೆಯ ದಾರ ಬಿಚ್ಚುವ ಮುನ್ನ ಮನೆಯೊಡತಿಯ ಎದುರೇ ಎಣಿಸುವುದು ಸರ ಪೋಣಿಸುವವರ ರೂಢಿ.

"ನಲವತ್ತು ಪೋಣಿಸಿ ಕೊಟ್ಟಿದ್ದೆ ಅಕ್ಕಾ. ಮೂವತ್ತೊಂದೇ ಅದಾವ."

ಅದು ೨೦೦೬ರ ಬೇಸಿಗೆ, ಹುಮನಾಬಾದ. ದಾರದ ಚೀಲ ಹೊತ್ತು ಆಕೆಯ ಜೊತೆ ತಿರುಗುತ್ತಿದ್ದವಳು ನಾನು, ಮುಕ್ತಾಬಾಯಿ. ಕಳವಾದರೆ ಪತ್ತೆ ಹಚ್ಚಲು ಊರವರು ಮೊದಲು ಆಕೆಯನ್ನೇ ಕರೆಯುತ್ತಿದ್ದರು.

ಮಗಳು ಅನುರಾಧಾ ತೀರಿಕೊಂಡ ಮೇಲೆ ಎರಡು ವರ್ಷ ಮನೆಯೊಡತಿ ವಿದ್ಯಾವತಿ ಆ ಗುಂಡಿನ ಸರ, ಬೋರಮಾಳ, ಹಾಕಿರಲಿಲ್ಲ. ಈಗ ದಾರದ ಗಂಟಿನ ಮೇಲೆ ಹಳದಿ ಕಲೆ ಕಂಡದ್ದೇ, ಕೆಲಸದ ಸುಮನಬಾಯಿಯತ್ತ ತಿರುಗಿದಳು.

"ಅರಿಷಿಣ ಕುಟ್ಟೋ ಕೈ ನಿಂದು. ಪೊಲೀಸರ ಮುಂದ ಹೇಳು ನಡಿ."

"ಇಪ್ಪತ್ತು ವರ್ಷ ದುಡದೀನ್ರಿ ಬಾಯಿ. ಕೂಸಿದ್ದಾಗಿಂದ ಅನು ತಾಯಿನ್ನ ಎತ್ತಿ ಆಡಿಸೀನಿ. ನನ್ನ ಮಗಳ ಲಗ್ನ ಗೊತ್ತಾಗ್ಯಾದ, ಕಳ್ಳಿ ಅಂತ ಹೆಸರು ಬಂದ್ರ ಹ್ಯಾಂಗ್ರಿ?"

ಕುಲ್ಸುಮ್ ಬೀ ಸಾಬೂನು ಕೇಳಿ ಕಲೆಗೆ ಉಜ್ಜಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಗೋಡೆಯ ಮೇಲೆ ಅನುರಾಧಾಳ ಫೋಟೋ, ಪಕ್ಕದಲ್ಲಿ ಬಿಸಿಲಿಗೆ ಬಿಳಚಿದ ಬಸವಣ್ಣನ ಚಿತ್ರ.

"ಇವೆರಡೂ ಎಲ್ಲಿ ತೆಗೆಸಿದ್ರಿ?"

"ಮನಿ ಪ್ರಿಂಟರಿನಾಗ ಕೂಸೇ ತೆಗೆದಿದ್ಲು, ಒಂದೇ ದಿನ. ನೋಡು, ಆಕೀ ಮುಖ ಒಂಚೂರೂ ಮಾಸಿಲ್ಲ."

"ನಿಮ್ಮ ಯಜಮಾನ್ರು, ಮಾಸ್ತರು, ಎಲ್ಲಿ ಹೋಗ್ಯಾರ?"

"ಬಸವಕಲ್ಯಾಣಕ್ಕ. ಎರಡು ಮೂರು ತಿಂಗಳಿಗೊಮ್ಮೆ ಏನೋ ಕೆಲಸ ಅಂತ ಹೋಗತಾರ."

ಸಂಜೆ ನಿವೃತ್ತ ಮಾಸ್ತರ ಮಹಾರುದ್ರಪ್ಪ ಸಣ್ಣ ಪೊಟ್ಟಣ ಹಿಡಿದು ಬಂದರು. ಎಲ್ಲರೂ ಪಡಸಾಲೆಯಲ್ಲಿ ಕೂತೆವು.

"ಕಳ್ಳ ಆದವ ಸರಾನೇ ಒಯ್ತಾನ," ಎಂದಳು ಕುಲ್ಸುಮ್ ಬೀ. "ಈ ದಾರದ ಮ್ಯಾಲ ಒಂಬತ್ತು ಗಂಟಿನ ಗುರುತು ಅದಾವ. ಒಂಬತ್ತು ಸಲ ಬಿಚ್ಚಿ, ಒಂದೊಂದೇ ಗುಂಡು ತೆಗೆದು, ಮತ್ತ ಕಟ್ಯಾರ. ಅರಿಷಿಣ ಆಗಿದ್ರ ಸಾಬೂನಿಗೆ ಕೆಂಪಾಗತಿತ್ತು. ಇದು ಶಾಯಿ. ಬಸವಣ್ಣ ಮಾಸ್ಯಾನ, ಕೂಸು ಮಾಸಿಲ್ಲ. ಆಕೀ ಫೋಟೋ ಯಾರೋ ಹೊಸದಾಗಿ ತೆಗೆದು ತೆಗೆದು ಹಚ್ಚಾಕತ್ತಾರ. ಕೈ ತೋರಸ್ರಿ, ಮಾಸ್ತರ."

ಉಗುರಿನ ಸಂದಿಯಲ್ಲಿ ಹಳದಿ ಇತ್ತು. ಪೊಟ್ಟಣದಲ್ಲಿ ಪ್ರಿಂಟರಿನ ಹೊಸ ಶಾಯಿ ಡಬ್ಬಿ.

"ಮಶೀನು ಸೋವಿ ಸಿಕ್ಕಿತ್ತು, ಶಾಯಿನೇ ತುಟ್ಟಿ," ಎಂದರು ಮಾಸ್ತರು. "ದಿನಾ ಒಂದು ಹಾಳಿ ತೆಗೀರಿ ಅಪ್ಪಾಜಿ, ಇಲ್ಲಾಂದ್ರ ಒಳಗ ಶಾಯಿ ಒಣಗತದ ಅಂದಿದ್ಲು ಅನು. ದಿನಾ ತೆಗೆದೆ. ಪಿನ್ಶನ್ ವಿದ್ಯಾನ ಕೈಯಾಗ. ಕೇಳಿದ್ರ ಯಾಕ ಅಂತಿದ್ಲು. ಅದಕ್ಕ ಒಂದು ಡಬ್ಬಿಗೆ ಒಂದು ಗುಂಡು ಮಾರಕೋತ ಬಂದೆ..."

"ಸ್ಟುಡಿಯೋದಾಗ ಒಮ್ಮೆ ತೆಗೆಸಿದ್ರ ಮುಗೀತಿತ್ತಲ್ರಿ," ಎಂದಳು ಕುಲ್ಸುಮ್ ಬೀ.

"ಗೊತ್ತದ. ಆದ್ರ ಮಶೀನಿನ ಸಪ್ಪಳ ಕೇಳಿದ್ರ ಕೂಸು ಒಳಗ ಕುಂತು ಏನೋ ಮಾಡಾಕತ್ತದ ಅನಸತಿತ್ತು." ಅವರು ತಲೆಯೆತ್ತಿದರು. "ಸುಮನಾ ಯಾಕ ಅಳಾಕತ್ತಾಳ? ಆಕೀಗೇನಂದ್ರಿ?"

ವಿದ್ಯಾವತಿ ಪೊಟ್ಟಣವನ್ನು ಗಂಡನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಇದು ಹಾಕಬ್ಯಾಡ್ರಿ. ಫೋಟೋ ಮಾಸಲಿ. ಇಬ್ಬರೂ ನೋಡಕೋತ ಕೂಡೋಣು."

ಆಮೇಲೆ ಸುಮನಬಾಯಿಯ ಕೈ ಹಿಡಿದು, "ತಪ್ಪಾತವ್ವ," ಎಂದಳು.

ಸುಮನಬಾಯಿ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಸೆರಗಿನ ತುದಿಯಿಂದ ಮನೆಯ ಕೀಲಿ ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಗೋಡೆಯತ್ತ ನೋಡಿ, "ಬರತೀನಿ, ಅನು ತಾಯಿ," ಎಂದಳು. ಆ ಮನೆಯಲ್ಲಿ ಇನ್ನಾರಿಗೂ ಆಕೆ ಹೇಳಿ ಹೋಗಲಿಲ್ಲ.