ಮಳೆ ಬಾರದ ದಿನದ ಜೊತೆಗಾರ

ನಮ್ಮ ಬೆಲೆಂ ಊರಿನಲ್ಲಿ ಕೈಗೆ ಗಡಿಯಾರ ಕಟ್ಟಿಕೊಂಡವರೂ ಆಕಾಶ ನೋಡಿಯೇ ಹೊರಡುತ್ತಾರೆ. ಯಾರನ್ನಾದರೂ ಕರೆದು ನೋಡಿ, 'ಮಳೆಗೆ ಮುಂಚೆ ಬರ್ತೀನಿ' ಅಥವಾ 'ಮಳೆ ಆದ ಮೇಲೆ ಬರ್ತೀನಿ' ಎನ್ನುತ್ತಾರೆ. ಮಧ್ಯಾಹ್ನದ ಮಳೆಯೇ ನಮಗೆ ಗಂಟೆ. ಆ ಗಂಟೆ ಒಂದು ದಿನ ಕೈಕೊಟ್ಟ ಕಥೆ ಇದು. ನಿಜವಾಗಿ ನಡೆದದ್ದು. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ!

"ಅಂಗಡಿ ಮುಚ್ಚಿದೆ."

ತನ್ನ ವಿಡಿಯೋ ಗೇಮ್ ಅಂಗಡಿಯಲ್ಲಿ ಕೂತು, ತಿರುಗಿ ನೋಡದೆಯೇ ಹೇಳಿದಳು ರೋಸಿಲ್ಡಾ. ಬಾಗಿಲಿಗೆ ಬಂದು ನಿಂತ ಹೆಜ್ಜೆಯ ಸದ್ದಿನ ಗುರುತು ಅವಳಿಗೆ ಸಿಕ್ಕಿತ್ತು.

ವಾಲ್ಡೆನಿರ್... ಅಣ್ಣ ಜೋಸುಎಯ ಪ್ರಾಣಸ್ನೇಹಿತ. ಅಣ್ಣ ತೀರಿಕೊಂಡ ಮೇಲೆ ದೋಣಿ ಹತ್ತಿ ದೂರದ ಸಾಂತಾರೆಂ ಊರಿಗೆ ಹೋದವನು, ಈಗ ನಜರೆ ಮಾತೆಯ ಹಬ್ಬಕ್ಕೆಂದು ಬಂದಿದ್ದ.

"ಮುಚ್ಚಿದ ಅಂಗಡಿಯ ಬಾಗಿಲು ತೆಗೆದಿದೆಯಲ್ಲ, ಪುಟ್ಟಿ."

ಅವಳನ್ನು ಹಾಗೆ ಕರೆಯುತ್ತಿದ್ದವರು ಇಬ್ಬರೇ. ಒಬ್ಬ ಮಣ್ಣಿನಲ್ಲಿದ್ದ.

ಹಳೆಯ ಟಿವಿಯ ಮೇಲೆ 'ಕರಿಗಿಡುಗ' ಓಡುತ್ತಿತ್ತು. ಕಾಮಿಕ್ಸ್ ಆಗಿ ಹುಟ್ಟಿ, ಸಿನಿಮಾ ಆಗಿ ಬೆಳೆದು, ಕೊನೆಗೆ ಕ್ಯಾಸೆಟ್ ಆಗಿ ಗೇಮ್ ಪೆಟ್ಟಿಗೆ ಸೇರಿದ ಆಟ. ಮುಖವಾಡದ ಗಿಡುಗನೂ ಅವನ ಜೊತೆಗಾರನೂ ಒಟ್ಟಿಗೆ ಹೆಜ್ಜೆ ಇಟ್ಟರೆ ಮಾತ್ರ ಪರದೆ ಮುಂದಕ್ಕೆ ಸರಿಯುತ್ತದೆ. ಒಬ್ಬ ನಿಂತರೆ ಇಬ್ಬರೂ ನಿಂತಂತೆ.

ಇಬ್ಬರ ಆಟವನ್ನು ರೋಸಿಲ್ಡಾ ಒಬ್ಬಳೇ ಆಡುತ್ತಿದ್ದಳು. ಒಂದು ರಿಮೋಟ್ ಕೈಯಲ್ಲಿ. ಇನ್ನೊಂದು ಮೇಜಿನ ಕೆಳಗೆ, ಕಾಲ್ಬೆರಳುಗಳ ಅಡಿಯಲ್ಲಿ!

ಆ ಇಬ್ಬರನ್ನೂ ಕೊನೆಯ ಹಂತದ ಗೋಪುರ ಹತ್ತಿಸಬೇಕೆಂಬುದು ಅಣ್ಣನ ಆಸೆಯಾಗಿತ್ತು. ಅಲ್ಲಿಗೆ ಬಂದಾಗಲೆಲ್ಲ ಅವಳ ಕಾಲು ಸೋಲುತ್ತಿತ್ತು.

ನಾಳೆ ದೋಣಿಗೆ ಹೊರಡುತ್ತೇನೆ, ಒಂದೇ ಒಂದು ಆಟ ಆಡಿಸು, ಮತ್ತೆಂದೂ ಈ ಬಾಗಿಲಿಗೆ ಬರುವುದಿಲ್ಲ ಎಂದು ಅವನು ಕೇಳಿಕೊಂಡ.

'ಅಣ್ಣ ಕಾದಾಗ ಬರಲಿಲ್ಲ. ಇವತ್ತು ಯಾಕೆ ಬಂದೆ?' ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಅವಳು ಮೂರನೆಯ ರಿಮೋಟ್ ತೆಗೆದುಕೊಟ್ಟಳು.

ಅದರ ವೈರು ಮೇಜಿನ ಹಿಂದೆ ಎಲ್ಲಿಗೂ ಸಿಕ್ಕಿಸದೆ ನೇತಾಡುತ್ತಿತ್ತು. ಚಿಕ್ಕವಳಿದ್ದಾಗ ಅಣ್ಣ, ವಾಲ್ಡೆನಿರ್ ಎಂಬ ಈ ಇಬ್ಬರು ಮಹಾನುಭಾವರು ಅವಳಿಗೆ ಕೊಡುತ್ತಿದ್ದದ್ದೂ ಅಂಥದ್ದನ್ನೇ. ಗೆದ್ದೆ ಗೆದ್ದೆ ಎಂದು ಅವಳು ಕುಣಿದದ್ದೇ ಕುಣಿದದ್ದು!

'ಅವತ್ತು ಇಲ್ಲದವನು ಇವತ್ತೂ ಇಲ್ಲದೆಯೇ ಆಡಲಿ.'

ಅವನು ಗುಂಡಿ ಒತ್ತಿದ. ಇವಳ ಕಾಲ್ಬೆರಳು ಜೊತೆಗಾರನನ್ನು ನಡೆಸಿತು. ಕೈ ಜಡ್ಡುಗಟ್ಟಿದೆ, ಒತ್ತಿದ್ದೊಂದು ಆಗುವುದೊಂದು ಎಂದು ಅವನು ಗೊಣಗಿದ. ಖಳನಾಯಕ ಬಂದಾಗ ಮೂಲೆಮನೆಯ ಅಸಾಯಿ ಹಣ್ಣು ಮಾರುವ ಅಜ್ಜಿಯ ಮೂಗುದನಿಯಲ್ಲಿ ಆ ಖಳನ ಮಾತುಗಳನ್ನು ಆಡಿದ, ಮೊದಲಿನ ಹಾಗೆಯೇ. ಅವಳು ನಗು ಬಾರದಂತೆ ತುಟಿ ಕಚ್ಚಿಕೊಂಡಳು.

ಗೋಪುರ ಬಂತು. ಗಿಡುಗನೂ ಜೊತೆಗಾರನೂ ಮೆಟ್ಟಿಲು ಹತ್ತತೊಡಗಿದರು. ಆಗ ಪರದೆಯಿಂದ ಕಣ್ಣು ಕೀಳದೆ ಅವನೆಂದ:

"ಅವತ್ತು ಆಸ್ಪತ್ರೆಗೆ ತರೋಕೆ ಅಂತ ಪೆಟ್ಟಿಗೆ, ಕ್ಯಾಸೆಟ್ ಎಲ್ಲ ಚೀಲಕ್ಕೆ ತುಂಬ್ಕೊಂಡು ಕೂತಿದ್ದೆ. ಮಳೆ ಆದ ಮೇಲೆ ಬರ್ತೀನಿ ಅಂದಿದ್ನಲ್ಲ... ಮಳೆ ಬರಲೇ ಇಲ್ಲ, ಪುಟ್ಟಿ. ಈಗ ಬರುತ್ತೆ, ಈಗ ಬರುತ್ತೆ ಅಂತ ಪೆದ್ದನ ಹಾಗೆ ಮೋಡ ನೋಡ್ತಾ ಕೂತೆ."

"ಸುಳ್ಳು. ಆಸ್ಪತ್ರೆ ತಗಡಿನ ಮೇಲೆ ಧೋ ಅಂತ ಸುರೀತಿತ್ತು. ನನ್ನ ಕಿವಿಯಾರೆ ಕೇಳಿದೀನಿ."

ಆ ವಾರ್ಡಿಗೆ ಕಿಟಕಿ ಇರಲಿಲ್ಲ. ಮಳೆ ನಿಂತಿತಾ ಎಂದು ಅಣ್ಣ ಮತ್ತೆ ಮತ್ತೆ ಕೇಳುತ್ತಿದ್ದ. ನಿಲ್ಲುತ್ತೆ, ಬರ್ತಾನೆ ಎಂದು ಅವಳು ಕೈ ಸವರುತ್ತಿದ್ದಳು.

"ಅದು ಆಸ್ಪತ್ರೆ ಹಿಂದಿದ್ದ ನೀರಿನ ಟ್ಯಾಂಕು. ತುಂಬಿ ಉಕ್ಕಿ ತಗಡಿನ ಮೇಲೆ ಬೀಳ್ತಿತ್ತು. ಸಂಜೆ ತಡೀಲಾರದೆ ಓಡಿ ಬಂದಾಗ ನೋಡಿದೆ. ಬೀದಿಯೆಲ್ಲ ಒಣಗಿತ್ತು. ಒಳಗೆ ಬಂದ್ರೆ... ನೀನು ಅವನ ಮುಖಕ್ಕೆ ಬಟ್ಟೆ ಹೊದಿಸ್ತಿದ್ದೆ."

ಸಾವಿನ ಮನೆಯಲ್ಲಿ ಮಳೆಯ ಸುದ್ದಿ ಯಾರು ತೆಗೆಯುತ್ತಾರೆ? ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಕಾಲ್ಬೆರಳು ನಿಂತಿತು. ಮೆಟ್ಟಿಲ ನಡುವೆ ಜೊತೆಗಾರನೂ ನಿಂತ.

ವಾಲ್ಡೆನಿರ್ ಗುಂಡಿ ಒತ್ತಿದ, ಕುಟ್ಟಿದ, ರಿಮೋಟನ್ನೇ ಎತ್ತಿ ಎಳೆದ. ಮೇಜಿನ ಹಿಂದಿನಿಂದ ವೈರಿನ ತುದಿ ಹಾರಿ ಬಂದು ಅವನ ಮಡಿಲಿಗೆ ಬಿತ್ತು. ಅವನು ತುದಿಯನ್ನು ನೋಡಿದ. ಆಮೇಲೆ ಅವಳ ಕಾಲನ್ನು ನೋಡಿದ.

ರೋಸಿಲ್ಡಾಳ ಕೆನ್ನೆ ಒದ್ದೆಯಾಗಿತ್ತು. "ಅಣ್ಣ ಕೊನೇವರೆಗೂ ನಿನ್ನ ಬೈಲಿಲ್ಲ. 'ಬರ್ತಾನೆ, ಪೆಟ್ಟಿಗೇನೂ ನೆನೆಸ್ಕೊಂಡು ಬರ್ತಾನೆ ಪೆದ್ದ' ಅಂತ ನಗ್ತಾನೇ ಹೋದ. ಬೈದಿದ್ದು ನಾನು... ದಿನಾ ಮನಸ್ಸಲ್ಲೇ."

ಅವನು ಪರದೆಯಲ್ಲಿ ನಿಂತಿದ್ದ ಜೊತೆಗಾರನನ್ನೇ ನೋಡಿದ.

"ದಿನಾ ನೆನೆಸ್ಕೊಂಡೆ ಅನ್ನು. ನಾನೂ ಅಷ್ಟೇ. ಅಲ್ಲಿ ಮಳೆ ಬಂದಾಗಲೆಲ್ಲ ನಿನ್ನ ಹತ್ರ ಹೊರಡಬೇಕು ಅನ್ಸೋದು."

ಅವಳು ಮೇಜಿನ ಕೆಳಗಿನ ರಿಮೋಟನ್ನು ಕಾಲಿನಿಂದಲೇ ಅವನತ್ತ ತಳ್ಳಿದಳು. ಹೊರಗೆ ಮೊದಲ ಹನಿಗಳು ತಗಡಿಗೆ ಬಿದ್ದವು. ಈ ಸಲ ನಿಜವಾದ ಮಳೆ.

"ನಾಳೆ ದೋಣಿ ಹೋಗುತ್ತಲ್ಲ?" ಎಂದಳು, ಮುಖ ಆಚೆ ತಿರುಗಿಸಿ.

"ಹೋಗ್ಲಿ ಬಿಡು. ಹೋಗೋದು ದೋಣಿ ತಾನೇ, ನಾನಲ್ಲವಲ್ಲ."

"ಹಾಗಾದ್ರೆ ಗೋಪುರ? ಮಳೆ ಆದ ಮೇಲೆ ಹತ್ತೋಣ್ವಾ?"

"ಬೇಡ ಪುಟ್ಟಿ. ಈಗಲೇ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಮಡಿಲಲ್ಲಿದ್ದ ವೈರಿನ ತುದಿಯನ್ನು ಮತ್ತೊಮ್ಮೆ ನೋಡಿದ ಅವನಿಗಂತೂ ತಡೆಯಲಾಗಲಿಲ್ಲ. ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು, ಮಳೆಯ ಸದ್ದನ್ನೂ ಮೀರಿಸಿ ನಕ್ಕ.