ಕೆಂಪಾದ ಭಂಡಾರ

"ಹಸರ ಸೀರಿ ಹಾಸ್ಯಾಳ, ಗುರುಶಾಂತಪ್ಪಾ. ಅಕಿ ಎದ್ದು ಹೋಗೋತನ ನೀರು ಮುಟ್ಟಬ್ಯಾಡ."

ಅತ್ತೆ ರೇವಮ್ಮ ಇಷ್ಟು ಹೇಳಿ, ಸೊಂಟದ ಚೀಲದಿಂದ ಬೀರೋಬ ದೇವರ ಭಂಡಾರದ ಅರಿಶಿನ ಒಂದು ಚಿಟಿಕೆ ತೆಗೆದು ಕೆರೆಗೆ ಉದುರಿಸಿದಳು. ಹಸಿರು ಕೆನೆಗಟ್ಟಿದ ನೀರಿನ ಮೇಲೆ ಹಳದಿ ನೋಡನೋಡುತ್ತ ಒಣಗಿದ ರಕ್ತದ ಬಣ್ಣಕ್ಕೆ ತಿರುಗಿತು. ಹಿಂದೆ, ಹೆರಿಗೆ ನೋವಿನಲ್ಲಿದ್ದ ಕುರುಬರ ಹೆಣ್ಣುಮಗಳೊಬ್ಬಳನ್ನು ಇದೇ ದಂಡೆಯಿಂದ ಗುಟುಕು ನೀರೂ ಕೊಡದೆ ಊರವರು ಅಟ್ಟಿದ್ದರಂತೆ. ಉಟ್ಟ ಹಸಿರು ಸೀರೆ ನೀರಿಗೆ ಹಾಸಿ, ಭಂಡಾರ ತೂರಿ, ಮಾಟ ಕಟ್ಟಿ ಮುಳುಗಿದಳಂತೆ.

ದುಧನಿಯಿಂದ ಮನೆಅಳಿಯನಾಗಿ ಆಗಷ್ಟೇ ಬಂದಿದ್ದ ಗುರುಶಾಂತ ನಕ್ಕ. ಸುಣ್ಣ ತಾಗಿದರೆ ಅರಿಶಿನ ಕೆಂಪಾಗುವುದನ್ನು ಆರತಿ ನೀರಿನಲ್ಲಿ ಕಂಡಿಲ್ಲವೇನು, ಇದರಲ್ಲಿ ದೆವ್ವ ಎಲ್ಲಿಂದ ಬಂತು ಅಂದ.

"ಕುದಿಸಿದ ನೀರಾಗ ಯಾ ಮಾಟ ಉಳಿತೈತ್ರಿ, ಅತ್ತಿ?"

ಮರುದಿನ ಹೆಂಗಸರು ಹೊಲಕ್ಕೆ ಹೋದಾಗ ಹಸಿರು ಸರಿಸಿ ಒಂದು ಕೊಡ ತುಂಬಿದ. ಸೋಸಿದ. ಕುದಿಸಿ ಆರಿಸಿ ಮನೆಯ ಕುಡಿಯುವ ಗಡಿಗೆಗೆ ಸುರುವಿದ. ಯಾರಿಗೂ ಹೇಳಲಿಲ್ಲ. ಸಂಜೆ ಅತ್ತೆಗೆ ಗುಟ್ಟು ಬಿಚ್ಚಿ ನಗಬೇಕೆಂದಿದ್ದ. ಆಮೇಲೆ ಕುರಿಗಳನ್ನೂ ಅದೇ ಕೆರೆಗೆ ಹೊಡೆದ.

ಮಧ್ಯಾಹ್ನ. ಎಲೆ ಅಲುಗದ ಬಿಸಿಲು. ಕೊಳೆತ ಹುಲ್ಲು, ಹಳಸಿದ ಮೀನು ಕೂಡಿದಂಥ ವಾಸನೆ ಗಂಟಲಲ್ಲಿ ಕೂತಿತ್ತು. ಕುಡಿದು ತಲೆ ಎತ್ತಿದ ಕುರಿಗಳ ಮೂತಿಗೆಲ್ಲ ಹಸಿರು ಬಳಿದಿತ್ತು. ಮುಂದಿನ ಟಗರಿನ ಕೊರಳಗಂಟೆ ತಾಳ ತಪ್ಪಿತು. ಕಾಲು ಸೊಟ್ಟಾದವು. ಬಿತ್ತು. ಬಿಸಿಲು ಬಡಿದಿರಬೇಕು ಅಂದುಕೊಂಡ. ಕುರಿಗಳ ಜೊತೆ ನೀರು ಕುಡಿದಿದ್ದ ನಾಯಿ ನೊರೆ ಕಾರಿ ಒದ್ದಾಡಿತು. ಇನ್ನೊಂದು ಕುರಿ. ಮತ್ತೊಂದು. ಗಂಟೆಗಳು ಒಂದೊಂದಾಗಿ ಸುಮ್ಮನಾದವು.

ಮನೆಯ ಗಡಿಗೆ.

ಓಡಿದ. ಬೇಲಿ ಕಾಣಲಿಲ್ಲ. ಮುಳ್ಳು ತಿಳಿಯಲಿಲ್ಲ. ಬೆನ್ನ ಹಿಂದೆ ಒದ್ದೆ ಸೀರೆ ನೆಲಕ್ಕೆ ಎಳೆದ ಸಪ್ಪಳ. ತಿರುಗಲಿಲ್ಲ. ಅದೇ ವಾಸನೆ. ಹೊಸ್ತಿಲಲ್ಲೂ ಅದೇ.

ಒಳಗೆ ಹೆಂಡತಿ ಸಾರಿಕಾ ಚೆಂಬು ಬಾಯಿಗೆ ಎತ್ತಿದ್ದಳು. ರೇವಮ್ಮ ಮಗಳ ಮಣಿಕಟ್ಟು ಹಿಡಿದು ತಡೆದಿದ್ದಳು. ಉಣ್ಣುವ ಮೊದಲು ಅಂಗೈಯ ನೀರಿಗೆ ಭಂಡಾರ ಕಲೆಸಿ ತೀರ್ಥವೆಂದು ಕುಡಿಯುವುದು ಮುದುಕಿಯ ವಾಡಿಕೆ. ಆ ಅಂಗೈ ಕೆಂಪಾಗಿತ್ತು.

"ಬಿಸಲಾಗಿಂದ ಬಂದಿದ್ದೆ," ಅಂದಳು ರೇವಮ್ಮ. ನಾಲಿಗೆ ತೊಡರುತ್ತಿತ್ತು. "ಮದಲಿನ ಚೆಂಬು ನೋಡಲಾರದ ಕುಡದೆ."

ಅವನು ಕಾಲ ಬಳಿ ಕುಸಿದ. ಕುದಿಸಿದ್ದೆ, ಸೋಸಿದ್ದೆ ಎಂದು ತೊದಲಿದ.

"ಕುದಿಸಿದ್ರ ಸಾಯೋಕಿ ಅಲ್ಲಪ್ಪಾ ಅಕಿ."

ಆ ಕೆಂಪು ಅಂಗೈಯನ್ನು ಅಳಿಯನ ಹಣೆಗೆ ಒತ್ತಿದಳು. "ಇನ್ನ ಮ್ಯಾಲ ಮಂದಿಗಿ ನೀ ಹೇಳಬೇಕು."

ಕೈ ಜಾರಿತು. ಮತ್ತೆ ಏಳಲಿಲ್ಲ.

ವರ್ಷಗಳು ಕಳೆದರೂ ಕೆರೆ ಹಸಿರಾದಾಗಲೆಲ್ಲ ಗುರುಶಾಂತ ದಂಡೆಯಲ್ಲಿ ಕೂರುತ್ತಾನೆ. ಹಣೆಯ ಕೆಂಪು ತೊಳೆದರೂ ಹೋಗಿಲ್ಲ. ಮೊನ್ನೆ ವಳಸಂಗದ ಕಡೆಯ ಹೊಸಬನೊಬ್ಬ ಕೊಡ ಹಿಡಿದು ಬಂದ. ಇವನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ನಕ್ಕ.

"ಕುದಿಸಿ ಕುಡಿತೀನಿ ಬಿಡ್ರಿ, ಕಾಕಾ."