ಸೇಸಿ ಕೊಡವದ ಚಾಪೆ

ಬಹಳ ಹಿಂದೆ, ಕಡಲಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಸುಣ್ಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಗೋಡೆ ಬಿಳಿ, ಬಟ್ಟೆ ಬಿಳಿ, ರಾಜನ ಕುದುರೆಯೂ ಬಿಳಿ. ವರ್ಷಕ್ಕೊಮ್ಮೆ ದೂರದ ಮರಳುಗಾಡಿನಿಂದ ಕೆಂಪುಗಾಳಿ ಬೀಸುತ್ತಿತ್ತು. ಆಗ ಎಲ್ಲವೂ ಕೆಂಪು. ರಾಜ ಶುಭ್ರಕೇತುವಿಗೆ ಅದನ್ನು ಕಂಡರೆ ಆಗದು.

ಆ ಊರಿನಲ್ಲಿ ಪಳುಕ ಎಂಬ ಮಾಂತ್ರಿಕನಿದ್ದ. ಅವನ ಮೈ ಪೂರಾ ಗಾಜು. ಎದುರಿಗೆ ನಿಂತರೂ ಕಾಣುತ್ತಿರಲಿಲ್ಲ. ಯಾರದೋ ತಟ್ಟೆಯಲ್ಲಿ ಉಣ್ಣುತ್ತಿದ್ದ, ಯಾರದೋ ಹಾಸಿಗೆಯಲ್ಲಿ ಮಲಗುತ್ತಿದ್ದ. ಕೆಂಪುಗಾಳಿಯ ಧೂಳು ಮೈಮೇಲೆ ಕೂತಾಗ ಮಾತ್ರ ಸಿಕ್ಕಿಬಿದ್ದು ಒದೆ ತಿನ್ನುತ್ತಿದ್ದ.

ಅವನು ರಾಜನ ಕಿವಿಯಲ್ಲಿ ಹೇಳಿದ: "ಅಪ್ಪಣೆಯಾಗಲಿ. ಆ ಗಾಳಿಯನ್ನು ಚೀಲದಲ್ಲಿ ಕಟ್ಟಿಡುತ್ತೇನೆ."

ಅಪ್ಪಣೆಯಾಯಿತು. ಗಾಳಿ ನಿಂತಿತು. ಕಡಲು ತಳದ ಮರಳು ಕಾಣುವಷ್ಟು ತಿಳಿಯಾಯಿತು. ನೋಡಲು ಚೆಂದ. ಮೀನು ಮಾತ್ರ ಇಲ್ಲ.

ಬೆಸ್ತರ ಕೇರಿಗೆ ಆಗಷ್ಟೇ ಸೊಸೆಯಾಗಿ ಬಂದವಳು ಸೇಸಿ. ಗಂಡ ಮಾಚ. ಮೀನು ಹುಡುಕಿ ಅವನ ದೋಣಿ ದಿನದಿನಕ್ಕೂ ದೂರ ಹೋಗುತ್ತಿತ್ತು. ಕೊನೆಗೆ ಅವನೆಂದ, "ಹುಣ್ಣಿಮೆಗೆ ಕರಿಬಂಡೆ ದಾಟ್ತೇನೆ."

"ಕರಿಬಂಡೆ ದಾಟಿದವರು ಯಾರೂ ಬಂದಿಲ್ಲ."

"ಇಲ್ಲಿದ್ದರೆ ಏನು ತಿನ್ನೋಣ? ನಿನ್ನ ಚಾಪೆಯನ್ನ?"

ಆ ಚಾಪೆ ಕೇರಿಗೆಲ್ಲ ನಗೆಯಾಗಿತ್ತು. ಸೇಸಿಯ ತವರಿನಲ್ಲಿ ಒಂದು ಪದ್ಧತಿ. ಮದುಮಗಳಿಗೆ ಕೊಟ್ಟ ಚಾಪೆಯನ್ನು ಮೊದಲ ಮಗು ಹುಟ್ಟುವವರೆಗೆ ಕೊಡವಬಾರದು. ಊರಿನ ಚಾಪೆಗಳೆಲ್ಲ ಹಾಲಿನಂತಿದ್ದರೆ, ಹಿಂದಿನ ಕೆಂಪುಗಾಳಿಯ ಧೂಳು ಕೂತು ಅವಳದು ಇಟ್ಟಿಗೆಯಂತಿತ್ತು. "ನಿನ್ನ ತವರಿನವರಿಗೆ ಕೈಯಿಲ್ಲವೇನೇ?" ಎಂದು ಅತ್ತೆ ತಿಪ್ಪಕ್ಕ ದಿನವೂ ಕೇಳುತ್ತಿದ್ದಳು.

ಕಡಲಿಗೆ ಏನಾಗಿದೆ ಎಂದು ಸೇಸಿಗೆ ತಿಳಿಯಬೇಕಿತ್ತು. ಒಂದು ಮಡಕೆ ಕಡಲನೀರು ತಂದು ಚಾಪೆಯ ಮೇಲೆ ಕೂತು ನೋಡಿದಳು. ಏನೂ ಕಾಣಲಿಲ್ಲ. ಬೇಸರದಿಂದ ಎದ್ದಾಗ ಚಾಪೆಯ ಅಂಚು ಮಡಕೆಗೆ ತಗುಲಿ ಚೂರು ಧೂಳು ಉದುರಿತು.

ಮರುದಿನ ನೀರು ತುಸು ಹಸಿರಾಗಿತ್ತು. ಒಳಗಿಂದ ದನಿ ಬಂತು. ಸೊಳ್ಳೆಗಿಂತ ಸಣ್ಣ ದನಿ, ಸಾವಿರಾರು.

"ಇನ್ನೊಂದು ತುತ್ತು."

"ಯಾರು ನೀವು?"

"ಕಡಲಿನ ಹುಲ್ಲು. ಕಣ್ಣಿಗೆ ಕಾಣುವುದಿಲ್ಲ. ಮರಿಮೀನು ನಮ್ಮನ್ನು ತಿನ್ನುತ್ತದೆ, ದೊಡ್ಡ ಮೀನು ಮರಿಮೀನನ್ನು, ನೀವು ದೊಡ್ಡ ಮೀನನ್ನು."

"ನೀವೇನು ತಿನ್ನುತ್ತೀರಿ?"

"ಬಿಸಿಲು ತಿನ್ನುತ್ತೇವೆ. ಆದರೆ ನಿಮಗೆ ಗಂಜಿಗೆ ಉಪ್ಪು ಹೇಗೋ, ನಮಗೆ ಕೆಂಪುಧೂಳು ಹಾಗೆ. ಚಿಟಿಕೆ ಸಾಕು. ಅದೂ ಇಲ್ಲದಿದ್ದರೆ ಸಾಯುತ್ತೇವೆ."

ಸೇಸಿ ಮಡಕೆ ಎತ್ತಿಕೊಂಡಳು. ಬಲೆ ಹೆಣೆಯುವ ಸೂಜಿಯನ್ನು ಸೆರಗಿಗೆ ಸಿಕ್ಕಿಸಿದಳು. ಪಳುಕ ಗಾಳಿಯನ್ನು ಕಟ್ಟಿಟ್ಟಿದ್ದ ಗುಡ್ಡದ ಕಡೆ ನಡೆದಳು.

ದಾರಿಯಲ್ಲಿ ಪೊರಕೆಬಾಲದ ಹುಲಿ ಅಡ್ಡ ನಿಂತಿತು. ಗುಡ್ಡದ ದಾರಿಯನ್ನು ಗುಡಿಸಿ ಅಳಿಸಿಹಾಕುವುದು ಅದರ ಕೆಲಸ.

"ಧೂಳೇ ಇಲ್ಲವಲ್ಲ, ಏನು ಗುಡಿಸುತ್ತೀಯ?" ಎಂದಳು ಸೇಸಿ.

ಹುಲಿ ಕೂತಿತು. "ನನಗೂ ಅದೇ ಯೋಚನೆ. ಬಾಲ ಜಡ್ಡುಗಟ್ಟಿದೆ."

"ದಾರಿ ಬಿಡು. ಬೇಕಾದಷ್ಟು ಧೂಳು ಕೊಡಿಸುತ್ತೇನೆ."

ಹುಲಿ ದಾರಿ ಬಿಟ್ಟಿತು. ತೋರಿಸಿತು ಕೂಡ.

ಗುಹೆಯಲ್ಲಿ ಮೂರು ತೊಗಲಿನ ಚೀಲಗಳು. ಮೂರೂ ಉಬ್ಬಿ ಕೂತಿದ್ದವು. ಯಾರೂ ಕಾಣಲಿಲ್ಲ. ನಗು ಕೇಳಿಸಿತು.

"ಇಲ್ಲಿಯವರೆಗೆ ಬಂದವರಿಗೆ ಒಂದು ಚೀಲ ಕೊಡಬೇಕು. ನನ್ನ ಗುರುವಿನ ಶಾಪ ಅದು," ಎಂದ ಪಳುಕ. "ಒಂದೇ. ಗಾಳಿ ಇರುವುದೂ ಒಂದರಲ್ಲೇ. ಒಂದರ ಬಾಯಿ ಬಿಚ್ಚಿದರೆ ಉಳಿದವು ಮಾಯ. ಆರಿಸು, ಚಾಪೆಯಮ್ಮ."

ಸೇಸಿ ಬಿಚ್ಚಲಿಲ್ಲ. ಸೂಜಿ ತೆಗೆದು ಒಂದೊಂದು ಚೀಲಕ್ಕೂ ಒಂದೊಂದು ತೂತು ಹಾಕಿದಳು.

"ಏ, ಅದು ಮೋಸ."

"ಬಾಯಿ ಬಿಚ್ಚಿಲ್ಲವಲ್ಲ."

ಮೂರರಿಂದಲೂ ಧೂಳು ಸೋರಿತು. ಮೂರೂ ಕೆಂಪೇ. ಪಳುಕ ಮತ್ತೆ ನಕ್ಕ.

ಸೇಸಿ ಮಡಕೆಯ ಹಸಿರು ನೀರನ್ನು ಗುಹೆಯಲ್ಲಿ ಬಿದ್ದಿದ್ದ ಮೂರು ತೆಂಗಿನ ಚಿಪ್ಪಿಗೆ ಹೊಯ್ದಳು. ಒಂದೊಂದಕ್ಕೆ ಒಂದೊಂದು ಚೀಲದ ಚಿಟಿಕೆ ಧೂಳು ಹಾಕಿ ಹೊರಗೆ ಬಿಸಿಲಿಗಿಟ್ಟು ಕೂತಳು.

"ಬೇಗ ಆರಿಸು," ಎಂದ ಪಳುಕ.

"ಉಣ್ಣುವವರಿಗೆ ಅವಸರ ಮಾಡಬಾರದು."

ಹೊತ್ತು ಇಳಿಯಿತು. ಮೊದಲ ಚಿಪ್ಪಿಗೆ ಕಿವಿಗೊಟ್ಟಳು. "ಇದು ಬರೀ ಕಲ್ಲು. ಕರಗುವುದಿಲ್ಲ," ಎಂದವು ದನಿಗಳು. ಧೂಳು ತಳದಲ್ಲಿ ಬಿದ್ದಿತ್ತು.

ಎರಡನೆಯದಕ್ಕೆ ಕಿವಿಗೊಟ್ಟಳು. ದನಿಯೇ ಇಲ್ಲ. ಹಸಿರೂ ಇಲ್ಲ. ಅದು ತಾಮ್ರದ ಕುಲುಮೆಯ ಧೂಳು, ವಿಷ. ಸೇಸಿ ಆ ಚಿಪ್ಪನ್ನು ಬೋರಲು ಹಾಕಿದಳು.

ಮೂರನೆಯದಕ್ಕೆ ಕಿವಿಗೊಟ್ಟಳು.

"ಇನ್ನೊಂದು ತುತ್ತು."

ಮೂರನೆಯ ಚೀಲದ ಬಾಯಿ ಬಿಚ್ಚಿದಳು.

ಗಾಳಿ ಹೊರಟಿತು. ಮೊದಲು ಪಳುಕನ ಮೂಗು ಕೆಂಪಾಗಿ ಕಂಡಿತು. ಆಮೇಲೆ ಹೊಟ್ಟೆ. ಊರವರ ಅನ್ನ ತಿಂದು ಬೆಳೆದ ಹೊಟ್ಟೆ, ಸಣ್ಣದಲ್ಲ. ಓಡಿದ. ಹುಲಿ ಬಾಲ ಬೀಸಿ ಅವನನ್ನು ಬೆಟ್ಟದಿಂದ ಕೆಳಗೆ ಗುಡಿಸಿಕೊಂಡೇ ಬಂತು.

ಅಂದೇ ಹುಣ್ಣಿಮೆ. ಮಾಚ ಕರಿಬಂಡೆಯ ಹತ್ತಿರ ಹುಟ್ಟು ಹಾಕುತ್ತಿದ್ದ. ಕೆಂಪುಗಾಳಿ ಅವನನ್ನು ದಾಟಿ ಹೋಯಿತು. ಕಡಲು ಹಸಿರಾಗುತ್ತಾ ಬಂತು. ಹಿಂದೆ ತಿರುಗಿ ನೋಡಿದ. ದಂಡೆಯ ಕಡೆ ಮರಿಮೀನುಗಳಿಂದ ನೀರು ಕುದಿಯುವಂತಿತ್ತು. ದೋಣಿ ತಿರುಗಿಸಿದ.

ಸೇಸಿ ಮನೆಗೆ ಬಂದಾಗ ಮಾಚ ಕೆಂಪು, ಅತ್ತೆ ಕೆಂಪು, ಗೋಡೆ ಕೆಂಪು. ತಿಪ್ಪಕ್ಕ ಸೊಸೆಯ ಮುಖ ನೋಡಿದಳು. ತನ್ನ ಬಿಳಿ ಚಾಪೆ ತಂದು ಅಂಗಳದಲ್ಲಿ ಹಾಸಿದಳು. "ಬೀಳಲಿ," ಎಂದಳು.

ಅರಮನೆಯಲ್ಲಿ ರಾಜ ಕೋಪದಿಂದ ಕೂಗಬೇಕೆಂದಿದ್ದ. ಅಷ್ಟರಲ್ಲಿ ಅಡುಗೆಯವನು ಹುರಿದ ಮೀನು ತಂದಿಟ್ಟ. ರಾಜ ತಿಂದ. ಕೂಗಲಿಲ್ಲ.

ಪಳುಕನನ್ನು ಬಂದರಿನ ದೀಪಕ್ಕೆ ಗಾಜಾಗಿ ನಿಲ್ಲಿಸಿದರು. ಗಾಳಿಕಾಲ ಮುಗಿದ ಮೇಲೆ ಅವನನ್ನು ಒರೆಸುವ ಕೆಲಸ ರಾಜನದೇ.

ಸೇಸಿಗೆ ಮಗಳು ಹುಟ್ಟಿದಳು. ಚಾಪೆಯನ್ನು ಕಡಲಿನ ಮೇಲೆ ಕೊಡವಿದರು. ಸುಣ್ಣಗಿರಿಯಲ್ಲಿ ಎಲ್ಲರೂ ಉಂಡು ಸುಖವಾಗಿದ್ದರು. ಮನೆಗಳು ಮಾತ್ರ ತುಸು ಗಲೀಜು.